ಯಾರು ಏನು ಬಲ್ಲರು, ಯಾರ ಬಳಿ ಏನಿದೆ: ಅಸಮಾನತೆಯ ಬಗ್ಗೆ ರ್ಯಾಡಿಕಲ್ ಅರ್ಥಶಾಸ್ತ್ರದ ಲೆಕ್ಕ

ಪ್ರಶ್ನೆ: ಮಾರುಕಟ್ಟೆಯಲ್ಲಿ ಪ್ರತಿಯೊಬ್ಬರಿಗೂ ಅವರವರು ಉತ್ಪಾದನೆಗೆ ಕೊಟ್ಟ ಕೊಡುಗೆಗೆ ತಕ್ಕ ಆದಾಯ ಸಿಗುತ್ತದೆ, ಅಸಮಾನತೆಗೆ ಮುಖ್ಯ ಕಾರಣ ವಿದ್ಯೆ, ಕೌಶಲ ಮತ್ತು ತಂತ್ರಜ್ಞಾನ ಎಂದು ಪದವಿ ತರಗತಿಯಲ್ಲಿ ಓದಿದೆ. ರ್ಯಾಡಿಕಲ್ ಅರ್ಥಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲವಂತೆ. ಅವರ ವಾದ ನಿಜಕ್ಕೂ ಏನು? ಅದನ್ನು ಅಂಕಿಯಲ್ಲಿ ತೋರಿಸಬಹುದೇ, ಅಥವಾ ಬರೀ ನೀತಿಬೋಧೆಯೇ? ಶ್ರೀಮಂತರ ಮೇಲೆ ತೆರಿಗೆ ಹೆಚ್ಚಿಸಿ ಅನ್ನುವವರಿಗೂ ಇವರಿಗೂ ಏನು ವ್ಯತ್ಯಾಸ?

ಉತ್ತರ: ನಿಮ್ಮ ಪಠ್ಯಪುಸ್ತಕ ಶುರುವಾಗುವುದು ‘ಯಾರು ಏನು ಬಲ್ಲರು?’ ಎಂಬಲ್ಲಿಂದ. ರ್ಯಾಡಿಕಲ್ ಅರ್ಥಶಾಸ್ತ್ರ, ಅಂದರೆ ಮಾರ್ಕ್ಸ್‌ನಿಂದ ಹಿಡಿದು ಒಡೆತನ ಮತ್ತು ಅಧಿಕಾರವನ್ನು ನಡುವೆ ಇಟ್ಟು ನೋಡುವ ಪರಂಪರೆ, ಶುರುವಾಗುವುದು ‘ಯಾರ ಬಳಿ ಏನಿದೆ?’ ಎಂಬಲ್ಲಿಂದ. ಉಳಿದ ಜಗಳವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಪಠ್ಯದ ವಿವರಣೆಗೆ ಖಚಿತ ರೂಪ ಕೊಟ್ಟವರಲ್ಲಿ ಮುಖ್ಯರು ಅಮೆರಿಕದ ಜಾನ್ ಬೇಟ್ಸ್ ಕ್ಲಾರ್ಕ್, 1899ರಲ್ಲಿ. ಇನ್ನೊಬ್ಬ ಕಾರ್ಮಿಕನನ್ನು ಸೇರಿಸಿಕೊಂಡರೆ ಉತ್ಪಾದನೆ ಎಷ್ಟು ಏರುತ್ತದೋ ಅಷ್ಟು ಕೂಲಿ, ಇನ್ನೊಂದಿಷ್ಟು ಬಂಡವಾಳ ಹೂಡಿದರೆ ಎಷ್ಟು ಏರುತ್ತದೋ ಅಷ್ಟು ಲಾಭ. ಇದೇ ಸೀಮಾಂತ ಉತ್ಪಾದಕತೆಯ ಸಿದ್ಧಾಂತ. ಕಾರ್ಮಿಕರ ದುಡಿಮೆ ಲೂಟಿಯಾಗುತ್ತಿದೆ ಎಂಬ ಸಮಾಜವಾದಿಗಳ ಆರೋಪ ನಿಜವೇ ಸುಳ್ಳೇ ಎಂದು ತೀರ್ಮಾನಿಸಲೇಬೇಕು ಅಂತ ಕ್ಲಾರ್ಕ್ ಬಾಯಿಬಿಟ್ಟೇ ಹೇಳಿ ಈ ಕೆಲಸಕ್ಕೆ ಕೈಹಾಕಿದ್ದರು. ಆದ್ದರಿಂದ ನೀತಿಯ ಪ್ರಶ್ನೆ ಎರಡೂ ಕಡೆ ಇದೆ, ಒಂದೇ ಕಡೆಯ ರೋಗವಲ್ಲ.

ಪ್ರಮಾಣ ಎಷ್ಟೆಂದು ಮೊದಲು ನೋಡಿ. 2022ರ ವಿಶ್ವ ಅಸಮಾನತೆ ವರದಿಯ ಪ್ರಕಾರ ಜಗತ್ತಿನ ಮೇಲಿನ 10% ಜನ ಒಟ್ಟು ಆದಾಯದ 52% ಪಡೆಯುತ್ತಾರೆ, ಕೆಳಗಿನ ಅರ್ಧ ಜನ 8.5%. ಸಂಪತ್ತಿನಲ್ಲಿ ಮೇಲಿನ 10% ಜನರ ಪಾಲು 76%, ಕೆಳಗಿನ ಅರ್ಧದ ಪಾಲು 2%. ಆದಾಯ ಅಂದರೆ ವರ್ಷವಿಡೀ ಹರಿದು ಬರುವುದು, ಸಂಪತ್ತು ಅಂದರೆ ಕಟ್ಟಿಟ್ಟ ಗಂಟು. ಕೌಶಲದ ವ್ಯತ್ಯಾಸದಿಂದ ಮೊದಲನೆಯದನ್ನು ಸ್ವಲ್ಪಮಟ್ಟಿಗೆ ವಿವರಿಸಬಹುದೇನೋ. 76ಕ್ಕೆ 2 ಎಂಬ ಎರಡನೆಯದನ್ನು ಕೌಶಲದಿಂದ ವಿವರಿಸಲು ಹೊರಟವರು ಬೇಗ ಸುಸ್ತಾಗುತ್ತಾರೆ, ಏಕೆಂದರೆ ಷೇರಿಗೆ, ಜಮೀನಿಗೆ, ಕಟ್ಟಡಕ್ಕೆ ಬರುವ ವರಮಾನ ಒಡೆಯ ನಿದ್ದೆ ಮಾಡುತ್ತಿದ್ದರೂ ಬರುತ್ತದೆ.

ಈಗ ಲೆಕ್ಕ. ಹತ್ತು ಜನ ದುಡಿಯುವ ಒಂದು ಹೊಲಿಗೆ ಘಟಕ ಇದೆ ಅಂದುಕೊಳ್ಳಿ. ದಿನಕ್ಕೆ 8 ಗಂಟೆ ಕೆಲಸ, ತಲೆಗೆ 20ರಂತೆ 200 ಅಂಗಿ. ಅಂಗಿಗೆ 10 ನಾಣ್ಯದಂತೆ (ನಾಣ್ಯ ಯಾವುದಾದರೂ ಆಗಲಿ) ಮಾರಿದರೆ 2,000. ಬಟ್ಟೆ, ದಾರ, ಗುಂಡಿ, ವಿದ್ಯುತ್ತು, ಯಂತ್ರದ ಸವೆತ ಸೇರಿ 1,200. ಇದು ಬೇರೆಲ್ಲೋ ಹುಟ್ಟಿ ಇಲ್ಲಿಗೆ ಬಂದ ಮೌಲ್ಯ, ಇದ್ದಷ್ಟೇ ಅಂಗಿಗೆ ವರ್ಗವಾಗುತ್ತದೆ. ಮಿಕ್ಕ 800 ಆ ದಿನ ಆ ಕೊಠಡಿಯಲ್ಲಿ ಹೊಸದಾಗಿ ಹುಟ್ಟಿದ್ದು. ಅದರಲ್ಲಿ ತಲೆಗೆ 40ರಂತೆ 400 ಕೂಲಿಗೆ ಹೋಯಿತು. ಉಳಿದ 400ಕ್ಕೆ ಮಾರ್ಕ್ಸ್ ಇಟ್ಟ ಹೆಸರು ಹೆಚ್ಚುವರಿ ಮೌಲ್ಯ, ಮಿಗುತಾಯ ಎಂದೂ ಅನ್ನುತ್ತಾರೆ. ಇದರಲ್ಲಿ 100 ಕಟ್ಟಡದ ಬಾಡಿಗೆ, 100 ಬ್ಯಾಂಕಿನ ಬಡ್ಡಿ, 200 ಮಾಲೀಕನ ಲಾಭ. ಪಠ್ಯದಲ್ಲಿ ಈ ಮೂರಕ್ಕೆ ಮೂರು ಬೇರೆ ಬೇರೆ ಅಧ್ಯಾಯ. ಇಲ್ಲಿ ಮೂರೂ ಒಂದೇ ಬುಟ್ಟಿಯಿಂದ ಎತ್ತಿಕೊಂಡ ಪಾಲುಗಳು. ಕಟ್ಟಡದ ಒಡೆಯನೂ ಬ್ಯಾಂಕೂ ಮಾಲೀಕನೂ ತಮ್ಮತಮ್ಮಲ್ಲಿ ಎಷ್ಟೇ ಕಿತ್ತಾಡಿದರೂ ಬುಟ್ಟಿಯ ಗಾತ್ರ ತೀರ್ಮಾನವಾಗುವುದು ಕೂಲಿ ನಿಗದಿಯಾಗುವ ಕಡೆ.

ಮಿಗುತಾಯವನ್ನು ಕೂಲಿಯಿಂದ ಭಾಗಿಸಿದರೆ ಶೋಷಣೆಯ ದರ: 400 ಭಾಗಿಸು 400, ಅಂದರೆ 100%. ಗಂಟೆಯಲ್ಲಿ ಹೇಳಿದರೆ ಮೊದಲ 4 ಗಂಟೆಯಲ್ಲಿ ಕಾರ್ಮಿಕ ತನ್ನ ಕೂಲಿಯಷ್ಟನ್ನು ಹುಟ್ಟಿಸುತ್ತಾನೆ, ನಂತರದ 4 ಗಂಟೆ ಬೇರೆಯವರದು. ಇಲ್ಲಿ ‘ಶೋಷಣೆ’ ಎಂಬುದು ಬೈಗುಳವಲ್ಲ, ಒಂದು ಅನುಪಾತದ ಹೆಸರು. ಮಾರ್ಕ್ಸ್‌ನ ಲೆಕ್ಕದಲ್ಲಿ ಮಾಲೀಕ ಮೋಸ ಮಾಡಿಲ್ಲ, ಪೂರಾ ಬೆಲೆಯನ್ನೇ ಕೊಟ್ಟಿದ್ದಾನೆ. ಆದರೆ ಅವನು ಕೊಂಡದ್ದು ಶ್ರಮವನ್ನಲ್ಲ, ಶ್ರಮಶಕ್ತಿಯನ್ನು, ಅಂದರೆ ಒಂದು ದಿನ ದುಡಿಯಬಲ್ಲ ಸಾಮರ್ಥ್ಯವನ್ನು. ಆ ಸಾಮರ್ಥ್ಯವನ್ನು ಮರುದಿನಕ್ಕೆ ಸಜ್ಜುಗೊಳಿಸಲು ಬೇಕಾದ ಖರ್ಚು ಒಂದು, ಅದನ್ನು ಬಳಸಿದಾಗ ಹುಟ್ಟುವ ಮೌಲ್ಯ ಇನ್ನೊಂದು. ಎರಡರ ನಡುವಿನ ಅಂತರವೇ ಮಿಗುತಾಯ. ಕೂಲಿ ಬಾಕಿ ಉಳಿಸಿಕೊಳ್ಳುವುದು, ಓವರ್‌ಟೈಮ್ ನುಂಗುವುದು ಇವೆಲ್ಲ ಇದರ ಮೇಲಿನ ಹೆಚ್ಚುವರಿ ಅನ್ಯಾಯಗಳು. ಅವು ಒಂದೂ ಇಲ್ಲದ ಅಚ್ಚುಕಟ್ಟಾದ ಘಟಕದಲ್ಲೂ ಮೇಲಿನ ಲೆಕ್ಕ ಹಾಗೇ ನಿಲ್ಲುತ್ತದೆ.

ಹೊಸಬರು ಎಡವುವ ಜಾಗವೊಂದಿದೆ. ಶೋಷಣೆಯ ದರ ಬೇರೆ, ಲಾಭದ ದರ ಬೇರೆ. ಆ ದಿನದ ಖರ್ಚು 1,600ರ ಮೇಲೆ ನೋಡಿದರೆ ಮಿಗುತಾಯ 25%. ಯಂತ್ರ, ಮುಂಗಡ, ದಾಸ್ತಾನು ಎಲ್ಲ ಸೇರಿ ಒಟ್ಟು 4,00,000 ಹೂಡಿ ವರ್ಷಕ್ಕೆ 300 ದಿನ ನಡೆಸಿದರೆ ಮಿಗುತಾಯ 1,20,000, ಅಂದರೆ ಹೂಡಿಕೆಯ ಮೇಲೆ 30%. ಒಂದೇ ಘಟಕದ ಬಗ್ಗೆ 100, 25, 30 ಎಂಬ ಮೂರು ಅಂಕಿಗಳೂ ಸರಿಯೇ. ವಾದದಲ್ಲಿ ಗೆಲ್ಲಬೇಕೆಂದು ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಹಿಡಿದು ಕೂತಾಗ ಚರ್ಚೆ ಹಳ್ಳ ಹಿಡಿಯುತ್ತದೆ.

ಮಿಗುತಾಯ ಹೆಚ್ಚಿಸುವ ದಾರಿ ಮುಖ್ಯವಾಗಿ ಎರಡು. ಮೊದಲನೆಯದು ದಿನವನ್ನು ಎಳೆಯುವುದು. ಅದೇ 40 ನಾಣ್ಯಕ್ಕೆ 10 ಗಂಟೆ ದುಡಿಸಿದರೆ 250 ಅಂಗಿ, ಮಾರಾಟ 2,500, ಸಾಮಗ್ರಿ 1,500, ಹೊಸ ಮೌಲ್ಯ 1,000, ಕೂಲಿ 400, ಮಿಗುತಾಯ 600. ದರ 150%. ಇದಕ್ಕೆ ಮಿತಿ ಇದೆ: ಮೈ ಸೋಲುತ್ತದೆ, ಕಾನೂನು ಅಡ್ಡ ಬರುತ್ತದೆ. ಬ್ರಿಟನ್ನಿನ ಗಿರಣಿಗಳಲ್ಲಿ ಹೆಂಗಸರಿಗೂ ಹರೆಯದವರಿಗೂ 10 ಗಂಟೆಯ ಮಿತಿ ತಂದ ಕಾಯ್ದೆ 1847ರಲ್ಲಿ ಪಾಸಾಗುವ ಹೊತ್ತಿಗೆ ದಶಕಗಳ ಹೋರಾಟ ನಡೆದುಹೋಗಿತ್ತು. ಎರಡನೆಯ ದಾರಿ ಜಾಣತನದ್ದು. ಆಹಾರ, ಬಟ್ಟೆ ಮುಂತಾದ ದಿನಬಳಕೆಯ ವಸ್ತುಗಳು ಯಂತ್ರಗಳಿಂದ ಅಗ್ಗವಾದವು ಅನ್ನಿ. ಮೊದಲು 40ಕ್ಕೆ ಸಿಗುತ್ತಿದ್ದಷ್ಟೇ ಸಾಮಾನು ಈಗ 32ಕ್ಕೆ ಸಿಗುತ್ತದೆ, ಕೂಲಿಯೂ ನಿಧಾನಕ್ಕೆ 32ಕ್ಕೆ ಇಳಿಯುತ್ತದೆ. ದಿನ 8 ಗಂಟೆಯೇ, ಹೊಸ ಮೌಲ್ಯ 800ರಷ್ಟೇ, ಕೂಲಿ 320, ಮಿಗುತಾಯ 480. ದರ ಮತ್ತೆ 150%. ಕಾರ್ಮಿಕನ ಮನೆಯಲ್ಲಿ ಒಂದು ತುತ್ತೂ ಕಡಿಮೆಯಾಗಿಲ್ಲ, ಆದರೆ ಒಟ್ಟು ಮೌಲ್ಯದಲ್ಲಿ ಅವನ ಪಾಲು 50%ರಿಂದ 40%ಕ್ಕೆ ಇಳಿದಿದೆ. ‘ಎಲ್ಲರ ಜೀವನಮಟ್ಟ ಏರುತ್ತಿದೆಯಲ್ಲ, ಮತ್ತೇನು ತಕರಾರು?’ ಎಂಬ ಪ್ರಶ್ನೆಗೆ ರ್ಯಾಡಿಕಲ್ ಪರಂಪರೆಯ ಉತ್ತರ ಇಲ್ಲಿದೆ. ಜೀವನಮಟ್ಟ ಏರಬಹುದು, ಅಂತರವೂ ಜೊತೆಜೊತೆಗೇ ಏರಬಹುದು; ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ.

‘ಯಂತ್ರವೂ ದುಡಿಯುತ್ತದಲ್ಲ? ಯಂತ್ರ ಇಲ್ಲದೆ 200 ಅಂಗಿ ಆಗುತ್ತಿತ್ತೇ?’ ಎಂಬ ಆಕ್ಷೇಪ ಗಟ್ಟಿಯಾದದ್ದು. ಇದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು ಸರಳ: ಯಂತ್ರ ಉತ್ಪಾದಕ ಎಂಬುದು ನಿಜ, ಆದರೆ ಯಂತ್ರದ ಒಡೆತನ ಉತ್ಪಾದಕ ಎಂಬುದು ಬೇರೆ ಮಾತು. ಒಡೆಯ ಬದಲಾದರೂ, ತೀರಿಕೊಂಡರೂ, ಸೂಜಿ ಅದೇ ವೇಗದಲ್ಲಿ ಓಡುತ್ತದೆ. ಈ ವ್ಯತ್ಯಾಸವನ್ನು ಹಟ ಹಿಡಿದು ಹೇಳಿದವರು ಕೇಂಬ್ರಿಡ್ಜ್‌ನ ಜೋನ್ ರಾಬಿನ್ಸನ್.

ಎರಡನೆಯ ಉತ್ತರ ತಾಂತ್ರಿಕ, ಆದರೆ ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಹೆಚ್ಚು ಹರಿತವಾದದ್ದು ಇದೇ. ‘ಇನ್ನೊಂದಿಷ್ಟು ಬಂಡವಾಳ’ ಅನ್ನಬೇಕಾದರೆ ಬಂಡವಾಳವನ್ನು ಅಳೆಯಲು ಬರಬೇಕು. ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ಕಟ್ಟಡ, ಬಟ್ಟೆಯ ದಾಸ್ತಾನು ಇವನ್ನು ಕೂಡುವುದು ಹೇಗೆ? ತೂಕದಲ್ಲಿ ಆಗದು, ಸಂಖ್ಯೆಯಲ್ಲಿ ಆಗದು, ಹಣದಲ್ಲಿಯೇ ಆಗಬೇಕು. ಆದರೆ ಯಂತ್ರದ ಬೆಲೆಯ ಒಳಗೇ ಅದನ್ನು ತಯಾರಿಸಿದವರ ಲಾಭದ ದರ ಸೇರಿಕೊಂಡಿದೆ. ಲಾಭದ ದರ ಗೊತ್ತಿಲ್ಲದೆ ಬಂಡವಾಳದ ಮೊತ್ತ ಗೊತ್ತಾಗದು. ಮೊತ್ತ ಗೊತ್ತಿಲ್ಲದೆ ಅದರ ಸೀಮಾಂತ ಉತ್ಪನ್ನ, ಅಂದರೆ ಲಾಭದ ದರ, ಗೊತ್ತಾಗದು. ಲೆಕ್ಕ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಸುತ್ತುತ್ತದೆ. ರಾಬಿನ್ಸನ್ ಈ ಪ್ರಶ್ನೆ ಎತ್ತಿದ್ದು 1950ರ ದಶಕದ ಆರಂಭದಲ್ಲಿ. ಪಿಯೆರೊ ಸ್ರಾಫಾ 1960ರಲ್ಲಿ ಇದಕ್ಕೆ ಗಣಿತದ ಬುನಾದಿ ಹಾಕಿದರು. ಬಡ್ಡಿ ದರ ಇಳಿಯುತ್ತ ಹೋದಂತೆ ಒಮ್ಮೆ ಕೈಬಿಟ್ಟ ಉತ್ಪಾದನಾ ವಿಧಾನವೇ ಮತ್ತೆ ಲಾಭದಾಯಕವಾಗಿ ಮರಳಿ ಬರಬಹುದು ಎಂದು ತೋರಿಸಿದಾಗ, ‘ಬಂಡವಾಳ ಹೇರಳವಾದಂತೆ ಅದರ ಪ್ರತಿಫಲ ಇಳಿಯುತ್ತದೆ’ ಎಂಬ ಸರಳ ಕಥೆ ಮುರಿಯಿತು. ಎದುರು ಪಾಳಯದ ಪಾಲ್ ಸ್ಯಾಮುಯೆಲ್ಸನ್ 1966ರಲ್ಲಿ ಇದು ತರ್ಕಬದ್ಧವಾಗಿ ಸಾಧ್ಯ ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೂ ಪಠ್ಯಪುಸ್ತಕಗಳು ಹೆಚ್ಚು ಬದಲಾಗಲಿಲ್ಲ ಎಂಬುದು ಈ ವಿಷಯದಲ್ಲಿ ನಗಬೇಕೋ ಅಳಬೇಕೋ ತಿಳಿಯದ ಸಂಗತಿ.

ಹಾಗಾದರೆ 800ರಲ್ಲಿ ಕೂಲಿಗೆ 400 ಎಂದು ನಿಗದಿ ಮಾಡುವುದು ಏನು? ತಂತ್ರಜ್ಞಾನವಲ್ಲ, ಚೌಕಾಸಿಯ ಬಲ. ಆ ಬಲ ಎಲ್ಲಿಂದ ಬರುತ್ತದೆಂದು ನೋಡಲು ಕಾರ್ಖಾನೆಯ ಒಳಗಲ್ಲ, ಗೇಟಿನ ಹೊರಗೆ ನಿಂತ ಸಾಲನ್ನು ನೋಡಬೇಕು. ಮಾರ್ಕ್ಸ್ ಇವರನ್ನು ಕೈಗಾರಿಕೆಯ ಮೀಸಲು ಪಡೆ ಎಂದ. ಕೆಲಸದ ಒಪ್ಪಂದದಲ್ಲಿ ಗಂಟೆ ಬರೆದಿರುತ್ತದೆ, ಎಷ್ಟು ಮನಸ್ಸಿಟ್ಟು ದುಡಿಯಬೇಕು ಎಂಬುದನ್ನು ಬರೆಯಲು ಬರುವುದಿಲ್ಲ. ಅದನ್ನು ಹೊರಡಿಸುವುದು ಕೆಲಸ ಹೋದರೆ ಏನು ಗತಿ ಎಂಬ ಭಯ. ಕೆಲಸ ಬಿಟ್ಟ ಮರುದಿನವೇ ಪಕ್ಕದ ಗೇಟಿನಲ್ಲಿ ಅದೇ ಸಂಬಳಕ್ಕೆ ಕೆಲಸ ಸಿಗುವಂತಿದ್ದರೆ ಭಯವೂ ಇಲ್ಲ, ಶಿಸ್ತೂ ಇಲ್ಲ. ಸ್ಯಾಮುಯೆಲ್ ಬೌಲ್ಸ್ ಮತ್ತು ಹರ್ಬರ್ಟ್ ಗಿಂಟಿಸ್ ಈ ವಾದವನ್ನು ರ್ಯಾಡಿಕಲ್ ಕಡೆಯಿಂದ ಬೆಳೆಸಿದರು. ತಮಾಷೆಯೆಂದರೆ 1984ರಲ್ಲಿ ಕಾರ್ಲ್ ಶಪಿರೊ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಮುಖ್ಯವಾಹಿನಿಯ ಗಣಿತದಿಂದಲೇ ಹೊರಟು ಹೆಚ್ಚುಕಡಿಮೆ ಅಲ್ಲಿಗೇ ಬಂದು ಮುಟ್ಟಿದರು: ನಿರುದ್ಯೋಗವೇ ಕಾರ್ಮಿಕರನ್ನು ಶಿಸ್ತಿನಲ್ಲಿಡುವ ಸಾಧನ.

ಪೋಲೆಂಡಿನ ಮಿಖಾಲ್ ಕಲೆಟ್ಸ್ಕಿ 1943ರಲ್ಲಿ ಇದರ ರಾಜಕೀಯವನ್ನು ಬಿಡಿಸಿಟ್ಟರು. ಸರ್ಕಾರ ಖರ್ಚು ಮಾಡಿ ಎಲ್ಲರಿಗೂ ಉದ್ಯೋಗ ಕೊಟ್ಟರೆ ಬೇಡಿಕೆ ಏರಿ ಉದ್ಯಮಿಗಳ ಲಾಭವೂ ಏರುತ್ತದೆ. ಆದರೂ ಅವರು ಪೂರ್ಣ ಉದ್ಯೋಗವನ್ನು ವಿರೋಧಿಸುತ್ತಾರೆ, ಏಕೆಂದರೆ ವಜಾ ಮಾಡುವ ಬೆದರಿಕೆ ಆಗ ಮೊಂಡಾಗುತ್ತದೆ. ಅವರಿಗೆ ಲಾಭಕ್ಕಿಂತ ಹತೋಟಿ ದೊಡ್ಡದು. 1967ರಲ್ಲಿ ರಿಚರ್ಡ್ ಗುಡ್‌ವಿನ್ ಈ ಸಂಬಂಧವನ್ನು ಹುಲಿ–ಜಿಂಕೆಗಳ ಸಂಖ್ಯೆಯ ಏರಿಳಿತ ಲೆಕ್ಕ ಹಾಕುವ ಸಮೀಕರಣಗಳಲ್ಲೇ ಬರೆದರು: ಉದ್ಯೋಗ ಏರಿದರೆ ಕೂಲಿಯ ಪಾಲು ಏರುತ್ತದೆ, ಲಾಭ ಕುಗ್ಗುತ್ತದೆ, ಹೂಡಿಕೆ ನಿಲ್ಲುತ್ತದೆ, ನಿರುದ್ಯೋಗ ಬೆಳೆಯುತ್ತದೆ, ಕೂಲಿ ಬಗ್ಗುತ್ತದೆ, ಲಾಭ ಚೇತರಿಸಿಕೊಳ್ಳುತ್ತದೆ, ಮತ್ತೆ ಮೊದಲಿಂದ. ಚರಿತ್ರೆಯ ಉದಾಹರಣೆ ಬೇಕಿದ್ದರೆ ಅಮೆರಿಕ. ಅಲ್ಲಿನ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷರಾಗಿದ್ದ ಪಾಲ್ ವೋಲ್ಕರ್ ಬಡ್ಡಿ ದರವನ್ನು 1981ರ ಹೊತ್ತಿಗೆ ಸುಮಾರು 20%ಕ್ಕೆ ಏರಿಸಿದರು. 1982ರ ಕೊನೆಗೆ ನಿರುದ್ಯೋಗ 10.8% ಮುಟ್ಟಿತು. ಮುಖ್ಯವಾಹಿನಿ ಇದನ್ನು ಹಣದುಬ್ಬರದ ವಿರುದ್ಧದ ಕಹಿ ಔಷಧ ಎಂದು ಓದುತ್ತದೆ. ರ್ಯಾಡಿಕಲ್ ಓದಿನಲ್ಲಿ ಅದು ಸಂಘಟಿತ ಕಾರ್ಮಿಕರ ಬೆನ್ನು ಮುರಿದ ಗಳಿಗೆ. 1950ರ ದಶಕದ ಮಧ್ಯದಲ್ಲಿ ಅಲ್ಲಿ ಮೂವರಲ್ಲಿ ಒಬ್ಬ ನೌಕರ ಯೂನಿಯನ್ನಿನಲ್ಲಿದ್ದ, ಈಗ ಹತ್ತರಲ್ಲಿ ಒಬ್ಬ.

ಕೂಲಿಯವರ ನಡುವೆಯೇ ಇರುವ ಅಂತರಕ್ಕೂ ಇವರ ಬಳಿ ವಿವರಣೆ ಇದೆ. ಡೇವಿಡ್ ಗಾರ್ಡನ್, ರಿಚರ್ಡ್ ಎಡ್ವರ್ಡ್ಸ್, ಮೈಕೆಲ್ ರೀಶ್ ಮೂವರೂ 1982ರಲ್ಲಿ ಮಂಡಿಸಿದ ಪ್ರಕಾರ ಕಾರ್ಮಿಕ ಮಾರುಕಟ್ಟೆ ಒಂದೇ ಅಲ್ಲ, ಗೋಡೆ ಕಟ್ಟಿದ ಹಲವು ಕೋಣೆಗಳು. ಒಂದರಲ್ಲಿ ಕಾಯಂ ಕೆಲಸ, ಬಡ್ತಿ, ಪಿಂಚಣಿ; ಇನ್ನೊಂದರಲ್ಲಿ ಗುತ್ತಿಗೆ, ಇಂದು ಇದ್ದರೆ ನಾಳೆ ಇಲ್ಲ. ಜನಾಂಗ, ಲಿಂಗ, ವಲಸೆ ಇವುಗಳಿಂದ ಯಾರು ಯಾವ ಕೋಣೆಗೆ ಎಂಬುದು ಬಹುಪಾಲು ನಿರ್ಧಾರವಾಗುತ್ತದೆ. ಕೋಣೆಗಳು ಬೇರೆಬೇರೆಯಾಗಿದ್ದಷ್ಟು ಒಟ್ಟಾಗಿ ಕೂಲಿ ಕೇಳುವುದು ಕಷ್ಟ. ವಿದ್ಯೆಯೇ ಮದ್ದು ಅನ್ನುವವರಿಗೆ ಇವರ ಪ್ರತ್ಯುತ್ತರ: ಎಲ್ಲರ ಕೈಗೂ ಪದವಿ ಕೊಟ್ಟರೆ ಏಣಿಯ ಮೆಟ್ಟಿಲುಗಳ ಸಂಖ್ಯೆ ಹೆಚ್ಚುವುದಿಲ್ಲ, ಕೆಳಗಿನ ಮೆಟ್ಟಿಲಿಗೂ ಪದವಿ ಕೇಳತೊಡಗುತ್ತಾರೆ. ಇದನ್ನು ಅತಿಗೆ ಒಯ್ಯಬಾರದು. ಓದು ಒಬ್ಬ ವ್ಯಕ್ತಿಯ ಗಳಿಕೆಯನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಬೇಕಾದಷ್ಟು ಪುರಾವೆ ಇದೆ. ಪ್ರಶ್ನೆ ಇರುವುದು ಒಬ್ಬರಿಗೆ ನಿಜವಾದದ್ದು ಎಲ್ಲರಿಗೂ ಒಮ್ಮೆಲೇ ನಿಜವೇ ಎಂಬುದು.

ಮೇಲಿನ 40 ನಾಣ್ಯದ ಕೂಲಿಯಲ್ಲಿ ಒಂದು ಖರ್ಚು ಬಿಟ್ಟುಹೋಗಿದೆ. ಮರುದಿನ ಕಾರ್ಮಿಕ ಉಂಡು, ಒಗೆದ ಬಟ್ಟೆ ತೊಟ್ಟು, ಹೊತ್ತಿಗೆ ಸರಿಯಾಗಿ ಯಂತ್ರದ ಮುಂದೆ ಬಂದು ಕೂರಬೇಕಾದರೆ ಮನೆಯಲ್ಲಿ ಯಾರೋ ಪುಕ್ಕಟೆ ದುಡಿದಿರುತ್ತಾರೆ. ಮನೆಗೆಲಸ ಆಟಕ್ಕುಂಟು, ಲೆಕ್ಕಕ್ಕಿಲ್ಲ. 1970ರ ದಶಕದಲ್ಲಿ ಮರಿಯಾರೋಸಾ ಡಲ್ಲಾ ಕೋಸ್ತಾ, ಸಿಲ್ವಿಯಾ ಫೆದರಿಚಿ ಮುಂತಾದ ಸ್ತ್ರೀವಾದಿಗಳು ಎತ್ತಿದ ಈ ತಕರಾರು ಮಾರ್ಕ್ಸ್‌ವಾದಿಗಳಿಗೂ ಮುಜುಗರ ತಂದಿತು. ಆ ಕೆಲಸವನ್ನೆಲ್ಲ ದುಡ್ಡು ಕೊಟ್ಟು ಮಾಡಿಸಬೇಕಾದರೆ 40ರಲ್ಲಿ ಮುಗಿಯುವುದಿಲ್ಲ. ಮಿಗುತಾಯದ ಒಂದಂಶ ಅಡುಗೆಮನೆಯಿಂದಲೇ ಬಂದದ್ದು.

ಇಲ್ಲಿಯವರೆಗೆ ಆದಾಯ. ಸಂಪತ್ತಿನ ಗಣಿತ ಬೇರೆ, ಇನ್ನೂ ನಿಷ್ಠುರ. ಒಬ್ಬನ ಬಳಿ 5,000ದ ಗಂಟಿದೆ, ಪ್ರತಿಫಲ 5%, ಅಂದರೆ ವರ್ಷಕ್ಕೆ 250. ಅದರಲ್ಲಿ 100 ಉಂಡುಟ್ಟು 150 ಮತ್ತೆ ಹೂಡುತ್ತಾನೆ. ಗಂಟು 3% ಬೆಳೆಯಿತು. ದೇಶದ ಆರ್ಥಿಕತೆ 2%ರಲ್ಲಿ ಬೆಳೆಯುತ್ತಿದ್ದರೆ 35 ವರ್ಷದಲ್ಲಿ ಆರ್ಥಿಕತೆ 2 ಪಟ್ಟು, ಅವನ ಗಂಟು 2.8 ಪಟ್ಟು. ಅವನು ಒಂದು ದಿನವೂ ಹೆಚ್ಚು ಚುರುಕಾಗದೆ ದೇಶದ ಸಂಪತ್ತಿನಲ್ಲಿ ಅವನ ತೂಕ 1.4 ಪಟ್ಟಾಯಿತು. ಕೂಲಿಯ 100ರಲ್ಲಿ 95 ಖರ್ಚಾಗುವ ಮನೆಗೆ ಈ ಓಟದಲ್ಲಿ ಸೇರಲು ಟಿಕೆಟ್ಟೇ ಇಲ್ಲ.

ತೋಮಾ ಪಿಕೆಟಿ 2013ರಲ್ಲಿ ಜನಪ್ರಿಯಗೊಳಿಸಿದ ‘ಪ್ರತಿಫಲದ ದರ ಬೆಳವಣಿಗೆಯ ದರಕ್ಕಿಂತ ಹೆಚ್ಚು’ ಎಂಬ ಸೂತ್ರ ಇದೇ. ಅದನ್ನು ಬಳಸುವಾಗ ಒಂದು ಎಚ್ಚರ ಬೇಕು. ಪ್ರತಿಫಲ ಹೆಚ್ಚಿದ್ದ ಮಾತ್ರಕ್ಕೆ ಕೇಂದ್ರೀಕರಣ ಆಗುವುದಿಲ್ಲ. ಖರ್ಚು ಮತ್ತು ತೆರಿಗೆ ಕಳೆದು ಮತ್ತೆ ಹೂಡಿಕೆಯಾಗುವ ಭಾಗ ಬೆಳವಣಿಗೆಯನ್ನು ಮೀರಬೇಕು. ಮೇಲಿನ ಉದಾಹರಣೆಯಲ್ಲಿ ಆರ್ಥಿಕತೆಯೂ 3%ರಲ್ಲಿ ಬೆಳೆದಿದ್ದರೆ, ಪ್ರತಿಫಲ 5% ಇದ್ದರೂ, ಅವನ ಪಾಲು ಇದ್ದಲ್ಲೇ ನಿಲ್ಲುತ್ತಿತ್ತು. ಲುಯಿಜಿ ಪಸಿನೆಟ್ಟಿ 1962ರಲ್ಲಿ ತೋರಿಸಿದ್ದ ಸಂಬಂಧವೂ ಇದೇ: ದೀರ್ಘಾವಧಿಯಲ್ಲಿ ಲಾಭದ ದರವೆಂದರೆ ಬೆಳವಣಿಗೆಯ ದರವನ್ನು ಬಂಡವಾಳಿಗರ ಉಳಿತಾಯದ ಪ್ರಮಾಣದಿಂದ ಭಾಗಿಸಿದ್ದು. ಬಂಡವಾಳಿಗರು ಸ್ವಲ್ಪವಾದರೂ ಉಂಡರೆ ಪ್ರತಿಫಲ ಬೆಳವಣಿಗೆಗಿಂತ ಹೆಚ್ಚಿರಲೇಬೇಕು. ರ್ಯಾಡಿಕಲ್‌ಗಳು ಪಿಕೆಟಿಯ ಅಂಕಿಗಳನ್ನು ಎರಡೂ ಕೈಯಿಂದ ಬಾಚಿಕೊಂಡರು, ಸಿದ್ಧಾಂತವನ್ನು ಮಾತ್ರ ತಿರಸ್ಕರಿಸಿದರು. ಪಿಕೆಟಿ ಬಂಡವಾಳ ಎಂದು ಕೂಡಿದ ರಾಶಿಯಲ್ಲಿ ವಾಸದ ಮನೆಯೂ ಇದೆ, ಕಾರ್ಖಾನೆಯೂ ಇದೆ. ಒಂದು ತಲೆಯ ಮೇಲಿನ ಸೂರು, ಇನ್ನೊಂದು ಬೇರೆಯವರನ್ನು ದುಡಿಸುವ ಅಧಿಕಾರ.

ಮೊದಲ ಗಂಟು ಎಲ್ಲಿಂದ ಬಂತು ಎಂಬುದು ಮತ್ತೊಂದು ಪ್ರಶ್ನೆ. ಮಿತವ್ಯಯದಿಂದ ಎಂಬುದು ಹಳೆಯ ಕಥೆ. ಇಂಗ್ಲೆಂಡಿನಲ್ಲಿ ಹಳ್ಳಿಯವರು ಒಟ್ಟಾಗಿ ಬಳಸುತ್ತಿದ್ದ ಜಮೀನಿಗೆ ಬೇಲಿ ಹಾಕಿ ಖಾಸಗಿ ಮಾಡಲು ಶತಮಾನಗಳ ಉದ್ದಕ್ಕೂ ಸಂಸತ್ತು ಸಾವಿರಾರು ಕಾಯ್ದೆಗಳನ್ನು ಮಾಡಿತು. ಅದೇ ಸಂಸತ್ತು 1833ರಲ್ಲಿ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಅದು ಆಗಿನ ಸರ್ಕಾರದ ವಾರ್ಷಿಕ ವೆಚ್ಚದ ಸುಮಾರು 40%. ಪರಿಹಾರ ಹೋದದ್ದು ಗುಲಾಮರ ಒಡೆಯರಿಗೆ. ಗುಲಾಮರಿಗೆ ಬಿಡಿಗಾಸೂ ಸಿಗಲಿಲ್ಲ. ಸಾಲದ್ದಕ್ಕೆ ಹೆಚ್ಚಿನವರು ‘ತರಬೇತಿ’ಯ ಹೆಸರಿನಲ್ಲಿ 1838ರವರೆಗೆ ಅದೇ ಒಡೆಯರ ಕೆಳಗೆ ಪುಕ್ಕಟೆ ದುಡಿಯಬೇಕಾಯಿತು. ಇದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಗಂಟಿನ ಮೂಲ ಮತ್ತು ಅದರ ಚಕ್ರಬಡ್ಡಿ ಎರಡನ್ನೂ ಒಟ್ಟಿಗೆ ನೋಡಬೇಕೆಂದು ಇವರು ಹಟ ಹಿಡಿಯುವುದು ಇದಕ್ಕೇ.

ನೀವೇ ಅಂಕಿ ತೆಗೆದು ನೋಡುವುದಾದರೆ ಮೂರು ಕಡೆ ಮೋಸ ಹೋಗಬಹುದು. ಇಡೀ ಅಸಮಾನತೆಯನ್ನು ಒಂದೇ ಅಂಕಿಯಲ್ಲಿ ಹೇಳುವ ಗಿನಿ ಸೂಚ್ಯಂಕ ಮಧ್ಯದವರ ನಡುವಿನ ಬದಲಾವಣೆಗೆ ಬೇಗ ಅಲ್ಲಾಡುತ್ತದೆ, ತುತ್ತತುದಿಯಲ್ಲಿ ಆಗುವುದಕ್ಕೆ ಅಷ್ಟಾಗಿ ಅಲ್ಲಾಡುವುದಿಲ್ಲ. ಮೇಲಿನ 1% ಮತ್ತು 10%ರ ಪಾಲನ್ನೂ ಜೊತೆಗಿಟ್ಟು ನೋಡಿ. ಎರಡನೆಯದು, ಮನೆಮನೆ ಸಮೀಕ್ಷೆಯಲ್ಲಿ ಅತಿ ಶ್ರೀಮಂತರು ಸಿಗುವುದೇ ಇಲ್ಲ, ಸಿಕ್ಕವರೂ ಪೂರಾ ಹೇಳುವುದಿಲ್ಲ, ಹಾಗಾಗಿ ತೆರಿಗೆಯ ದಾಖಲೆ ಬೇಕು. ಮೂರನೆಯದು ರಾಷ್ಟ್ರೀಯ ಲೆಕ್ಕದ ‘ಕೂಲಿಯ ಪಾಲು’. ಕಂಪನಿಯ ಮುಖ್ಯಾಧಿಕಾರಿಗೆ ಸಿಗುವ ಕೋಟ್ಯಂತರದ ಸಂಬಳ, ಬೋನಸ್ಸು ಕೂಡ ಅಲ್ಲಿ ಕೂಲಿ ಎಂದೇ ದಾಖಲಾಗುತ್ತದೆ. ಸಣ್ಣ ಅಂಗಡಿಯವನ ಗಳಿಕೆಯಲ್ಲಿ ಕೂಲಿ ಎಷ್ಟು, ಲಾಭ ಎಷ್ಟು ಎಂದು ಬೇರ್ಪಡಿಸುವ ಸೂತ್ರ ಬದಲಿಸಿದರೆ ಇಡೀ ದೇಶದ ಪಾಲು ಒಂದೆರಡು ಅಂಕ ಮೇಲೆ ಕೆಳಗೆ ಆಗಿಬಿಡುತ್ತದೆ. ಯಂತ್ರ, ಕಟ್ಟಡಗಳ ಸವೆತ ಕಳೆದಿದ್ದಾರೋ ಇಲ್ಲವೋ ಎಂಬುದನ್ನೂ ನೋಡಿಕೊಳ್ಳಿ.

ಈ ಪಾಳಯದ ದೌರ್ಬಲ್ಯಗಳನ್ನೂ ಹೇಳಬೇಕು. ಎಲ್ಲ ಮೌಲ್ಯವೂ ಶ್ರಮದಿಂದಲೇ ಎಂಬ ಸಿದ್ಧಾಂತ ಅವರ ಕುಂಟುವ ಕಾಲು. ಶ್ರಮದ ಗಂಟೆಗಳಿಂದ ಮಾರುಕಟ್ಟೆಯ ಬೆಲೆಗೆ ಹೋಗುವ ದಾರಿಯನ್ನು ಮಾರ್ಕ್ಸ್ ಪೂರ್ತಿ ಮಾಡಲಿಲ್ಲ, 1894ರಲ್ಲಿ ಅವನ ‘ದಾಸ್ ಕ್ಯಾಪಿಟಲ್’ ಗ್ರಂಥದ ಮೂರನೆಯ ಸಂಪುಟ ಬಂದಾಗಿನಿಂದ ಆ ಜಗಳ ನಡೆದೇ ಇದೆ. ಸ್ರಾಫಾನ ದಾರಿ ಹಿಡಿದ ಇಯನ್ ಸ್ಟೀಡ್‌ಮನ್ 1977ರಲ್ಲಿ, ಬೆಲೆ ಮತ್ತು ಲಾಭ ಎರಡನ್ನೂ ಶ್ರಮಮೌಲ್ಯದ ಗೊಡವೆಯೇ ಇಲ್ಲದೆ ಲೆಕ್ಕ ಹಾಕಬಹುದು ಎಂದು ವಾದಿಸಿದರು. ಜಾನ್ ರೋಮರ್ 1982ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಕೂಲಿಯ ಮಾರುಕಟ್ಟೆಯೇ ಇಲ್ಲದಿದ್ದರೂ ಆಸ್ತಿ ಅಸಮವಾಗಿದ್ದರೆ ಸಾಕು, ಶೋಷಣೆ ಹುಟ್ಟುತ್ತದೆ ಎಂದು ತೋರಿಸಿದರು. ನನ್ನ ತೀರ್ಪು ಇದು: ಒಡೆತನ ಮತ್ತು ಚೌಕಾಸಿಯ ಬಲದ ವಾದಕ್ಕೆ ಶ್ರಮಮೌಲ್ಯದ ಊರುಗೋಲು ಬೇಕಿಲ್ಲ, ಅದಿಲ್ಲದೆಯೇ ಅದು ಚೆನ್ನಾಗಿ ನಡೆಯುತ್ತದೆ. ಹೊಲಿಗೆ ಘಟಕದ ಲೆಕ್ಕವನ್ನು ಹಣದಲ್ಲಷ್ಟೇ ಓದಿದರೂ ಹಂಚಿಕೆಯ ಪ್ರಶ್ನೆ ಹಾಗೇ ಉಳಿಯುತ್ತದೆ. ಇನ್ನೊಂದು ದೌರ್ಬಲ್ಯ, ಅಸಮಾನತೆಯಿಂದ ಬಿಕ್ಕಟ್ಟು ಹೇಗೆ ಹುಟ್ಟುತ್ತದೆ ಎಂಬಲ್ಲಿ ಇವರೊಳಗೇ ಒಮ್ಮತವಿಲ್ಲ. ಕೂಲಿ ಕಡಿಮೆಯಾಗಿ ಸರಕು ಕೊಳ್ಳುವವರೇ ಇಲ್ಲ ಎಂದು ಒಬ್ಬರು, ಕೂಲಿ ಹೆಚ್ಚಾಗಿ ಲಾಭ ಹಿಂಡಿಹೋಯಿತು ಎಂದು ಮತ್ತೊಬ್ಬರು. ಎರಡೂ ಬೇರೆ ಬೇರೆ ಕಾಲದಲ್ಲಿ ನಿಜವಾಗಬಹುದು ಎಂದು 1990ರಲ್ಲಿ ಅಮಿತ್ ಭಾದುರಿ ಮತ್ತು ಸ್ಟೀಫನ್ ಮಾರ್ಗ್ಲಿನ್ ಒಂದೇ ಮಾದರಿಯೊಳಗೆ ತೋರಿಸಿದ್ದು ಈ ಗಂಟನ್ನು ಸ್ವಲ್ಪ ಸಡಿಲಿಸಿತು.

ಕೊನೆಯದಾಗಿ ತೆರಿಗೆಯ ಪ್ರಶ್ನೆ. ರ್ಯಾಡಿಕಲ್‌ಗಳು ತೆರಿಗೆಯ ವಿರೋಧಿಗಳಲ್ಲ, ಆದರೆ ಅದನ್ನು ಕೊಳವೆಯ ತುದಿಯಲ್ಲಿ ಹಿಡಿದ ಬಕೆಟ್ಟಿನಂತೆ ನೋಡುತ್ತಾರೆ. ಅಮೆರಿಕದಲ್ಲಿ 1950ರ ದಶಕದ ಬಹುಪಾಲು ವೈಯಕ್ತಿಕ ಆದಾಯದ ಮೇಲಿನ ಗರಿಷ್ಠ ದರ 91% ಇತ್ತು, 1988ರ ಹೊತ್ತಿಗೆ 28%. ಬ್ರಿಟನ್ನಿನಲ್ಲಿ ದುಡಿಮೆಯ ಆದಾಯದ ಗರಿಷ್ಠ ದರ 1979ರಲ್ಲಿ 83% ಇದ್ದದ್ದು 1988ರಲ್ಲಿ 40%ಕ್ಕೆ ಬಂತು. ದರ ಏರಿಸಿದಾಗಲೂ ಕಂಪನಿಗಳ ಒಡೆತನ ಇದ್ದ ಕೈಯಲ್ಲೇ ಇತ್ತು. ಆ ಒಡೆತನದಿಂದ ಹುಟ್ಟುವ ಹಣ ಮತ್ತು ಪ್ರಭಾವವೇ ಮುಂದೆ ದರವನ್ನು ಇಳಿಸಿತು ಎಂಬುದು ಅವರ ವಾದ. ಹಾಗಾಗಿ ಅವರ ಗಮನ ಕೊಳವೆಯ ಇನ್ನೊಂದು ತುದಿಯ ಮೇಲೆ.

ಅಂಥ ಯೋಜನೆಗಳಲ್ಲಿ ಲೆಕ್ಕ ಪಕ್ಕಾ ಇದ್ದದ್ದು ಸ್ವೀಡನ್ನಿನ ಕಾರ್ಮಿಕ ಸಂಘಗಳ ಒಕ್ಕೂಟ 1976ರಲ್ಲಿ ಒಪ್ಪಿದ ರುಡಾಲ್ಫ್ ಮೈಡ್ನರ್ ಯೋಜನೆ. ದೊಡ್ಡ ಕಂಪನಿಗಳು ಪ್ರತಿವರ್ಷ ಲಾಭದ 20%ರಷ್ಟು ಮೌಲ್ಯದ ಹೊಸ ಷೇರುಗಳನ್ನು ಕಾರ್ಮಿಕರ ಸಾಮೂಹಿಕ ನಿಧಿಗೆ ಕೊಡಬೇಕು. ನಗದು ಹೊರಗೆ ಹೋಗುವುದಿಲ್ಲ, ಹಣ ಕಂಪನಿಯಲ್ಲೇ ಹೂಡಿಕೆಯಾಗಿ ಉಳಿಯುತ್ತದೆ, ಒಡೆತನ ಮಾತ್ರ ಮೆಲ್ಲಗೆ ಸರಿಯುತ್ತದೆ. ಲಾಭ ಷೇರು ಬಂಡವಾಳದ 10% ಇದ್ದರೆ ವರ್ಷಕ್ಕೆ 2% ಹೊಸ ಷೇರು. ಸುಮಾರು 35 ವರ್ಷಕ್ಕೆ ನಿಧಿಯ ಕೈಯಲ್ಲಿ ಅರ್ಧದಷ್ಟು ಕಂಪನಿ. ಕೆಟ್ಟದ್ದು ಗಣಿತದಲ್ಲಲ್ಲ. ಗುರಿ ಬಹಿರಂಗವಾಗಿದ್ದು ಗಡುವು ದೂರವಿದ್ದದ್ದರಿಂದ ಎದುರಾಳಿಗಳಿಗೆ ಸಂಘಟಿತರಾಗಲು ಬೇಕಾದಷ್ಟು ಸಮಯ ಸಿಕ್ಕಿತು. 1983ರ ಅಕ್ಟೋಬರಿನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಉದ್ಯಮಿಗಳು ಭಾರೀ ಮೆರವಣಿಗೆ ನಡೆಸಿದರು. ಅದೇ ವರ್ಷ ಪಾಸಾದ ಕಾಯ್ದೆ ಮೂಲದ ನೀರು ಬೆರೆಸಿದ ರೂಪ, ಅದರಲ್ಲಿ ಷೇರಿನ ಕಡ್ಡಾಯ ವರ್ಗಾವಣೆಯೇ ಇರಲಿಲ್ಲ. 1991ರ ಚುನಾವಣೆಯಲ್ಲಿ ಸರ್ಕಾರ ಬದಲಾದ ಮೇಲೆ ಅದೂ ರದ್ದಾಯಿತು. ಸಾಮಾನ್ಯ ಕಾರ್ಮಿಕನಿಗೂ ನಿಧಿಯಿಂದ ತನ್ನ ಕೈಗೆ ಏನು ಬರುತ್ತದೆಂದು ಕಾಣಲಿಲ್ಲ, ಹಾಗಾಗಿ ಬೀದಿಗಿಳಿದು ಉಳಿಸಿಕೊಳ್ಳುವ ಹುಮ್ಮಸ್ಸೂ ಬರಲಿಲ್ಲ.

ಇನ್ನೊಂದು ದಾರಿ ಸಹಕಾರಿ ಒಡೆತನ. ಸ್ಪೇನಿನ ಬಾಸ್ಕ್ ಪ್ರಾಂತ್ಯದಲ್ಲಿ 1956ರಲ್ಲಿ ಶುರುವಾದ ಮೊಂಡ್ರಾಗೊನ್ ಎಂಬ ಸಹಕಾರಿಗಳ ಗುಂಪಿನಲ್ಲಿ ಕಾರ್ಮಿಕರೇ ಸದಸ್ಯರು, ಒಬ್ಬರಿಗೆ ಒಂದೇ ಮತ. ಮೇಲಿನ ಮತ್ತು ಕೆಳಗಿನ ಸಂಬಳದ ಅಂತರ ಮೊದಲು 3ಕ್ಕೆ 1 ಇತ್ತು, ನಂತರ ಸಾಮಾನ್ಯವಾಗಿ 6ಕ್ಕೆ 1ರ ಆಸುಪಾಸಿನಲ್ಲಿದೆ. ಒಳಗಿನ ಅಸಮಾನತೆ ಇದರಿಂದ ನಿಜವಾಗಿಯೂ ತಗ್ಗಿದೆ. ಆದರೆ ಮಾರುಕಟ್ಟೆಯ ಪೈಪೋಟಿ ಗೇಟಿನ ಹೊರಗೇ ಕಾಯುತ್ತಿರುತ್ತದೆ. ಬೇಡಿಕೆ ಏರಿದಾಗ ಸದಸ್ಯತ್ವವಿಲ್ಲದ ಕೂಲಿಗಳನ್ನು, ಹೊರದೇಶದ ಘಟಕಗಳನ್ನು ಸೇರಿಸಿಕೊಳ್ಳುವ ಒತ್ತಡ ಬರುತ್ತದೆ, ಆಗ ಸದಸ್ಯರೇ ಬೇರೆಯವರ ಮಿಗುತಾಯದ ಒಡೆಯರಾಗುತ್ತಾರೆ. ಬೇಡಿಕೆ ಕುಸಿದಾಗ ಸದಸ್ಯನ ಸಂಬಳವೂ ಉಳಿತಾಯವೂ ಒಂದೇ ದೋಣಿಯಲ್ಲಿರುತ್ತವೆ. ಆ ಗುಂಪಿನ ಗೃಹೋಪಯೋಗಿ ಯಂತ್ರಗಳ ಸಂಸ್ಥೆ ಫಾಗೋರ್ 2013ರಲ್ಲಿ ದಿವಾಳಿಯಾದಾಗ ಹಲವು ಸದಸ್ಯರನ್ನು ಗುಂಪಿನ ಬೇರೆ ಸಹಕಾರಿಗಳು ಸೇರಿಸಿಕೊಂಡವು, ಹಾಗಾಗಿ ಅವರ ಕೆಲಸ ಉಳಿಯಿತು. ಅದರಲ್ಲಿ ತೊಡಗಿಸಿದ್ದ ಬಂಡವಾಳ ಹೋಯಿತು.